ಸುಣ್ಣದಡಿಯ ಕಾವಿ ಬಿಡಿಸುವುದು: ನನ್ನ ಅನುಭವ

ಉಡುಪಿ ಕಡೆಯ ಹಳೆ ಮಣ್ಣಿನ ಮನೆಗಳಲ್ಲಿ ಚಾವಡಿ ಗೋಡೆಯ ಮೂಲ ಮೈ, ಅಂದರೆ ಸುಣ್ಣದಡಿ ಮುಚ್ಚಿಹೋದ ಕಾವಿ (ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕೆಂಪು ಕೊಟ್ಟು ಗೆರೆ ಕೊರೆದ ಚಿತ್ತಾರ) ಹುಡುಕಲು ನಾನು ಶುರು ಮಾಡುವುದು ಬಾಗಿಲ ಹಿಂದಿನ ಮೂಲೆಯಿಂದ. ಕೆಟ್ಟರೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಮಳೆಗಾಲದ ತೇವ ಆರುವ ಮೊದಲೇ ಬ್ಲೇಡು ಇಟ್ಟರೆ ಸುಣ್ಣದ ಜೊತೆ ಮಣ್ಣೂ ಮುದ್ದೆಯಾಗಿ ಬರುತ್ತದೆ.

10 ಸೆಂಟಿಮೀಟರ್ ಉದ್ದದ ಪಟ್ಟಿ ಗುರುತು ಮಾಡಿ, 2 ಸೆಂಟಿಮೀಟರಿಗೆ ಒಂದು ಪದರದಂತೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಬೇಕು. ಮೇಲಿನ ಎಮಲ್ಷನ್ ಪೇಂಟು ಹಾಳೆಯ ಹಾಗೆ ಎದ್ದು ಬರುವುದೇ ಹೆಚ್ಚು, ಅಡಿಯ ಸುಣ್ಣ ಪುಡಿಯಾಗಿರುತ್ತದಲ್ಲ. ಆಮೇಲೆ ಡಿಸ್ಟೆಂಪರ್, ನೀಲಿ ಹಾಕಿದ ಸುಣ್ಣ, ಬರೀ ಸುಣ್ಣ. ವರ್ಷಾವರ್ಷ ಬಳಿದದ್ದು ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ. ಅದರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಅರ್ಧ ಕೆಲಸ ಆದಂತೆ. ಅದು ದೀಪದ ಮಸಿ; ಮಸಿಯ ಮೇಲೆ ಸುಣ್ಣ ಕಚ್ಚುವುದಿಲ್ಲ, ಪದರ ಅಲ್ಲೇ ಬಿಡುತ್ತದೆ.

15ನೇ ನಂಬರಿನ ಸರ್ಜಿಕಲ್ ಬ್ಲೇಡನ್ನು ಗೋಡೆಗೆ ಮಲಗಿಸಿ ತೂರಿಸಿ ಚಕ್ಕೆ ಎಬ್ಬಿಸಬೇಕು. ಹೆರೆಯಬಾರದು. ಹೆರೆದರೆ ಕರಣೆಯಿಂದ ತಿಕ್ಕಿ ನಯಮಾಡಿದ ಮೈಯೇ ಹೋಗುತ್ತದೆ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ಕಾವಿಯಲ್ಲಿ ಕೊರೆದ ಗೆರೆಗಳ ಅಂಚು ಕಾಣುತ್ತದೆ. ದಿನಕ್ಕೆ ಒಂದು ಚದರಡಿ ಆದರೆ ಹೆಚ್ಚು.

ಕೆಂಪು ಕಂಡೊಡನೆ ನಿಲ್ಲಿಸಿ ಒದ್ದೆ ಹತ್ತಿಯನ್ನು ಮೂಲೆಯಲ್ಲಿ ಒತ್ತಿ ನೋಡಿ. ಹತ್ತಿ ಬೆಳ್ಳಗೇ ಉಳಿದರೆ ಹಸಿ ಗಾರೆಯಲ್ಲೇ ಕೂತ ಕಾವಿ, ಸುಣ್ಣ ಅದನ್ನು ಹಿಡಿದಿದೆ. ಕೆಂಪಾದರೆ ಒಣಗಿದ ಗೋಡೆಗೆ ಕೆಮ್ಮಣ್ಣು ಕಲಸಿ ಬಳಿದದ್ದು. ಅಂಥಲ್ಲಿ ನೀರು ಮುಟ್ಟಿಸಲೇಬೇಡಿ, ಒಣ ಬ್ರಷ್ ಸಾಕು. ಬೇಗ ಮುಗಿಯಲೆಂದು ಆಸಿಡ್ ಹಚ್ಚುವವರೂ ಇದ್ದಾರೆ. ಆಸಿಡಿಗೆ ಮೇಲಿನ ಸುಣ್ಣ, ಅಡಿಯ ಗಾರೆ ಎಂಬ ಭೇದವಿಲ್ಲ, ಎರಡೂ ನೊರೆಯಾಗಿ ಹೋಗುತ್ತವೆ.

ಬೆರಳಗೆಣ್ಣಿನಿಂದ ತಟ್ಟಿದಾಗ ಡಬಡಬ ಎಂದರೆ ಗಾರೆ ಮಣ್ಣಿನಿಂದ ಬಿಟ್ಟಿದೆ ಎಂದರ್ಥ. ಅಲ್ಲಿ ಚಕ್ಕೆ ಎಬ್ಬಿಸುವ ಮೊದಲೇ ಬಟ್ಟೆಯಲ್ಲಿ ಸೋಸಿದ ಅರಳಿದ ಸುಣ್ಣವನ್ನು ನುಣ್ಣನೆ ಇಟ್ಟಿಗೆಪುಡಿಯೊಂದಿಗೆ ತೆಳ್ಳಗೆ ಕಲಸಿ, 10 ಮಿಲಿಲೀಟರಿನ ಸಿರಿಂಜಿನಲ್ಲಿ ಬಿರುಕಿನೊಳಗೆ ಬಿಡುತ್ತೇನೆ. ಒಂದೇ ಸಲ ತುಂಬಿದರೆ ನೀರು ಕುಡಿದು ಮಣ್ಣು ಉಬ್ಬಿ ಗಾರೆಯನ್ನೇ ತಳ್ಳುತ್ತದೆ. ಒಂದು ದಿನಕ್ಕೆ ಒಂದು ಸಿರಿಂಜು, ಮೇಲೆ ಬಟ್ಟೆ ಸುತ್ತಿದ ಹಲಗೆ, ಅದಕ್ಕೊಂದು ಊರುಗೋಲು.

ಸಿಮೆಂಟ್ ಮೆತ್ತಿದ ಗೋಡೆಯದು ಬೇರೆಯೇ ಪಾಡು. ಬ್ರೇಕರ್ ಮೆಷಿನ್ ಬೇಡ, ಅದರ ನಡುಕಕ್ಕೆ ಮಣ್ಣು ಉದುರುತ್ತದೆ. ಅಂಗೈಯಗಲದ ಚೌಕಗಳಾಗಿ ಕೊಯ್ದು ಅಂಚಿನಿಂದ ಸಣ್ಣ ಉಳಿಯಲ್ಲಿ ಎಬ್ಬಿಸುತ್ತೇನೆ. ಸಿಮೆಂಟಿನ ಹಿಡಿತಕ್ಕೆಂದು ಮೊದಲೇ ಕೊಡಲಿಯಿಂದ ಗಾರೆಗೆ ಕಚ್ಚು ಹೊಡೆದಿದ್ದರೆ ಕಾವಿ ಅಲ್ಲಲ್ಲಿ ಮಾತ್ರ ಸಿಗುತ್ತದೆ. ಆ ಕಚ್ಚುಗಳಿಗೆ ಸುಣ್ಣದ ಗಾರೆ ತುಂಬಿ ಬಿಳಿಯಾಗಿಯೇ ಬಿಡುತ್ತೇನೆ, ಕೆಂಪು ಬಳಿಯುವುದಿಲ್ಲ.