ಮೂಲೆಯ ಹೊಲಿಗೆ ಕೊಟ್ಟ ಕಾಟ

ವಿಮಾನದ ಸೀಟಿನ ಕುಶನ್ ಸುಟ್ಟು ನೋಡುವ ಕೆಲಸ ಹಾಸನದಲ್ಲಿ ಆಗದು ಎಂದಿದ್ದರು ಹಳೆಯ ಸಹೋದ್ಯೋಗಿಗಳು. "ಮೊದಲು ಬೂವನಹಳ್ಳಿಯಲ್ಲಿ ವಿಮಾನ ಹಾರಲಿ, ಆಮೇಲೆ ಸುಡುವಿರಂತೆ" ಎಂಬ ಕುಹಕ ಬೇರೆ. ಹಾಸನದ ವಿಮಾನ ನಿಲ್ದಾಣಕ್ಕೆಂದು ಗೊತ್ತಾದ ಜಾಗ ಬೂವನಹಳ್ಳಿ. ಇಪ್ಪತ್ತೆರಡು ವರ್ಷ ಕ್ಯಾಬಿನ್ ಸಾಮಗ್ರಿ ಸುಟ್ಟೇ ಸಂಬಳ ಎಣಿಸಿದವನು ನಾನು. ಬೇಲೂರು ರಸ್ತೆಯಲ್ಲಿ ಹಳೆಯ ಕಾಫಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದೆ.

ಬರ್ನರ್, ಚಿಮಣಿ, ಫ್ಯಾನು ಎಂದು ಮೂರು ಲಕ್ಷದ ಹತ್ತಿರ ಕರಗಿತು. ಆದರೂ ಮೂರು ತಿಂಗಳು ಜ್ವಾಲೆ ಹಿಡಿತಕ್ಕೆ ಬರಲಿಲ್ಲ. ಜ್ವಾಲೆಯ ಬಿಸಿ ಅಳೆಯುವ ಥರ್ಮೋಕಪಲ್‌ಗಳು 1,038 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಬೇಕು. ಬೆಳಿಗ್ಗೆ ನಿಂತದ್ದು ಮಧ್ಯಾಹ್ನ ಕುಸಿಯುತ್ತಿತ್ತು. ಸೀಮೆಎಣ್ಣೆಯನ್ನು ಬೈದೆ, ನಳಿಕೆಯನ್ನು ಎರಡು ಸಲ ಬದಲಿಸಿದೆ. ಕೊನೆಗೆ ಊದುಬತ್ತಿ ಹಚ್ಚಿ ಹಿಡಿದರೆ ಹೊಗೆ ಅಡ್ಡಕ್ಕೆ ಓಡಿತು. ಛಾವಣಿಯ ಶೀಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳಗಲದ ಸಂದು! ಸಿಮೆಂಟ್ ಮೆತ್ತಿದ ಖರ್ಚು ಎಂಟುನೂರು ರೂಪಾಯಿ.

ಇನ್ನು ಕುಶನ್. ಎರಡು ನಿಮಿಷ ಜ್ವಾಲೆ ಕೊಟ್ಟರೆ ತೂಕ ಶೇ 10ಕ್ಕಿಂತ ಹೆಚ್ಚು ಇಳಿಯಬಾರದು. ನಮ್ಮದು 13, 14. ಕೂರುವ ಕುಶನ್, ಒರಗುವ ಕುಶನ್ ಸೇರಿ ಒಂದು ಜೊತೆ. ಒಂದು ಸುತ್ತಿಗೆ ಮೂರು ಜೊತೆ, ಅಂದರೆ ಮೂವತ್ತು ಸಾವಿರ ಬೂದಿ. 1983ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇಳಿದ ಏರ್ ಕೆನಡಾ ವಿಮಾನ, ಬಾಗಿಲು ತೆರೆದ ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಹೊತ್ತಿಕೊಂಡು 23 ಜನ ಸತ್ತರು. ಮರುವರ್ಷವೇ ಅಮೆರಿಕದಲ್ಲಿ ಈ ಕುಶನ್ ನಿಯಮ ಬಂತು. ಆ ಲೆಕ್ಕ ತಲೆಯಲ್ಲಿದ್ದವನಿಗೆ 14 ನಿದ್ದೆ ಕೊಡುವುದಿಲ್ಲ.

ಫೋಮಿಗೆ ಬೆಂಕಿ ತಾಗದಂತೆ ಸುತ್ತುವ ತಡೆಬಟ್ಟೆಯನ್ನು ದಪ್ಪ ಮಾಡಿ ಎಂದರು ಎಲ್ಲರೂ. ನಾನು ಸುಟ್ಟ ಕುಶನ್ ಬಿಚ್ಚಿ ನೋಡಿದೆ. ಬಟ್ಟೆ ಕಪ್ಪಾಗಿತ್ತು, ಹರಿದಿರಲಿಲ್ಲ. ಮೂಲೆಯ ಹೊಲಿಗೆ ಮಾತ್ರ ಬಾಯಿ ಬಿಟ್ಟು, ಕರಗಿದ ಫೋಮ್ ಕಾಕಂಬಿಯಂತೆ ಸೋರಿ ಕೆಳಗಿನ ತಟ್ಟೆಯಲ್ಲಿ ಉರಿದಿತ್ತು. ಬೆಂಕಿಗೆ ಕರಗದ ಅರಾಮಿಡ್ ಎಂದು ಬಿಲ್ ಹಾಕಿ ಒಬ್ಬರು ಕೊಟ್ಟ ದಾರ, ಬಿಸಿಗೆ ಕರಗುವ ಪಾಲಿಯೆಸ್ಟರ್! ದಾರ ಬದಲಿಸಿದ ಮೇಲೆ 11ಕ್ಕೆ ಬಂತು. ಜೀಪಿನ ಸೀಟು ಹೊಲಿಯುವ ದರ್ಜಿಯೊಬ್ಬರು ತಿರುಗಿಸಿ ನೋಡಿ, "ಮೂಲೆಯನ್ನು ಕತ್ತರಿಸುವುದೇಕೆ ಸಾರ್? ಮಡಿಸಿ ಒಳಗೆ ತಿರುಗಿಸಿದರೆ ದಾರಕ್ಕೆ ಬೆಂಕಿಯೇ ತಾಗುವುದಿಲ್ಲ" ಎಂದರು. ಮುಂದಿನ ಸುತ್ತಿನಲ್ಲಿ 7. ಎಷ್ಟು ಮಡಿಕೆ, ಯಾವ ಕಡೆಗೆ ಎಂದು ಇಲ್ಲಿ ಬರೆಯಲಾರೆ. ಅದು ನಮ್ಮಿಬ್ಬರ ಅನ್ನ.

ನಡುವೆ ಚಳ್ಳಕೆರೆಯ ಕಂಬಳಿಯನ್ನೂ ತಡೆಬಟ್ಟೆಯಾಗಿ ಸುತ್ತಿ ನೋಡಿದೆ. ಉಣ್ಣೆ ಒಂದು ನಿಮಿಷ ಗಂಭೀರವಾಗಿ ನಿಂತು, ಆಮೇಲೆ ಬಿರಿಯಿತು, ತೂಕವೂ ಜಾಸ್ತಿ. ಕಂಬಳಿ ಎಲ್ಲಿ ಹೋಯಿತೆಂದು ಮನೆಯಲ್ಲಿ ಇಂದಿಗೂ ಕೇಳುತ್ತಾರೆ. ಅರಸೀಕೆರೆಯ ತೆಂಗಿನ ನಾರಂತೂ ಒಲೆಗೇ ಸರಿ.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಸುಟ್ಟಾಗಲೂ 7ರ ಸುತ್ತಲೇ ಬಂತು. ಕುಹಕವಾಡಿದವರೇ ಈಗ ಸುಟ್ಟು ನೋಡಲು ಎರಡು ಜೊತೆ ಕಳಿಸಿದ್ದಾರೆ. ಮುಂಗಡ ಮಾತ್ರ ಇನ್ನೂ ಬಂದಿಲ್ಲ.