‘ಸಂಬಳವಿಲ್ಲದ ಮನೆಗೆಲಸ’ ಎಂಬ ಸಾಲಿನಲ್ಲಿ ಸಿಕ್ಕ ಕಾದಂಬರಿಕಾರ್ತಿ

ಹೋದ ತಿಂಗಳು ಕೊನೆಗೂ ಕರಾರಿಗೆ ಸಹಿ ಬಿತ್ತು. 1920 ಮತ್ತು 30ರ ದಶಕಗಳಲ್ಲಿ ಆರು ಕಾದಂಬರಿ ಬರೆದು, ಆಮೇಲೆ ಯಾರ ನೆನಪಿನಲ್ಲೂ ಉಳಿಯದ ಒಬ್ಬ ಇಂಗ್ಲಿಷ್ ಲೇಖಕಿಯ ಪುಸ್ತಕ ಮುಂದಿನ ವರ್ಷ ಮತ್ತೆ ಅಚ್ಚಾಗುತ್ತದೆ. ಹೆಸರು ಈಗಲೇ ಹೇಳುವ ಹಾಗಿಲ್ಲ, ಪ್ರಕಾಶಕರಿಗೆ ಮಾತು ಕೊಟ್ಟಿದ್ದೇನೆ. ಹುಡುಕಿದ್ದು ಹೇಗೆ ಅಂತ ಹೇಳಬಹುದು. ಮೂರೂವರೆ ವರ್ಷ ಹಿಡಿಯಿತು. ಇದು ಆಗುವ ಕೆಲಸ ಅಲ್ಲ ಎಂದವರೇ ಜಾಸ್ತಿ.

ಅವರ ವಾದ ನಿಮಗೂ ಗೊತ್ತಿರುತ್ತದೆ. ಮರೆತುಹೋದ ಲೇಖಕಿಯರನ್ನು ಮತ್ತೆ ಅಚ್ಚು ಹಾಕಲು 1978ರಿಂದ ವಿರಾಗೊ ಪ್ರಕಾಶನದ ‘ಮಾಡರ್ನ್ ಕ್ಲಾಸಿಕ್ಸ್’ ಮಾಲೆ ಇದೆ. ಆಮೇಲೆ ಅದೇ ಕೆಲಸಕ್ಕೆ ಪರ್ಸೆಫನಿ ಪ್ರಕಾಶನ ಬಂತು, ಈಚೆಗೆ ಬ್ರಿಟಿಷ್ ಲೈಬ್ರರಿಯೇ ಒಂದು ಮಾಲೆ ತರುತ್ತಿದೆ. ಎರಡು ಯುದ್ಧಗಳ ನಡುವಿನ ಲೇಖಕಿಯರನ್ನು ಇವರೆಲ್ಲ ಜಾಲಾಡಿ ಆಗಿದೆ, ಉಳಿದದ್ದು ಜೊಳ್ಳು ಅಂತ. ನಾನು ಪ್ರತಿ ಸಲ ಆ ಕಾಲದ ಕಾದಂಬರಿಕಾರ್ತಿ ಡೊರೊಥಿ ವಿಪಲ್ ಹೆಸರು ಹೇಳುತ್ತಿದ್ದೆ. ವಿರಾಗೊ ಕಟ್ಟಿದ ಕಾರ್ಮೆನ್ ಕಲಿಲ್ ಅವರಿಗೆ ವಿಪಲ್ ಹಿಡಿಸಲಿಲ್ಲ. ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬುದಕ್ಕೆ ಅವರಲ್ಲಿ ‘ವಿಪಲ್ ಗೆರೆ’ ಅಂತಲೇ ಹೆಸರಿತ್ತು. ಅದೇ ವಿಪಲ್ ಅವರನ್ನು ಪರ್ಸೆಫನಿ ಮತ್ತೆ ಅಚ್ಚು ಹಾಕಿತು, ಓದುಗರು ಮುಗಿಬಿದ್ದು ಕೊಂಡರು. ಜರಡಿ ಹಿಡಿದವರು ಯಾರು ಅನ್ನೋದೂ ಮುಖ್ಯ ಅಲ್ವಾ?

ನಾನು ಧಾರವಾಡದಲ್ಲಿ ಎಂ.ಎ. ಮಾಡಿದವಳು, ಈಗ ಇರುವುದು ಬ್ರಿಸ್ಟಲ್‌ನಲ್ಲಿ. ಅದೇ ಕಾಲದ ಲೇಖಕಿ ಇ.ಎಚ್. ಯಂಗ್ ಅವರ ಕಾದಂಬರಿಗಳಲ್ಲಿ ಬರುವ ‘ಅಪ್ಪರ್ ರಾಡ್‌ಸ್ಟೋ’ ಅಂದರೆ ಇಲ್ಲಿನ ಕ್ಲಿಫ್ಟನ್ ಬಡಾವಣೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. 1930ರ ‘ಮಿಸ್ ಮೋಲ್’ಗೆ ಜೇಮ್ಸ್ ಟೇಟ್ ಬ್ಲ್ಯಾಕ್ ಸಾಹಿತ್ಯ ಬಹುಮಾನ ಬಂದಿತ್ತು. ಅಂಥ ಯಂಗ್ ಅವರೇ ಮರೆತುಹೋಗಿ, 80ರ ದಶಕದಲ್ಲಿ ವಿರಾಗೊ ಕೈಹಿಡಿದ ಮೇಲೆ ವಾಪಸ್ ಬಂದರು. ಬಹುಮಾನವೇ ಬಾರದವರ ಗತಿ ಏನು ಎಂಬ ಯೋಚನೆ ಆಗ ತಲೆಗೆ ಹೊಕ್ಕಿತು.

ಪಟ್ಟಿ ಮಾಡುವಾಗ ಸಾಹಿತ್ಯ ಚರಿತ್ರೆಗಳನ್ನು ನಾನು ಮುಟ್ಟಲೇ ಇಲ್ಲ. ಹಳೆಯ ಕಾದಂಬರಿಗಳ ಕೊನೆಯಲ್ಲಿ ಜಾಹೀರಾತು ಪುಟ ಇರುತ್ತದಲ್ಲ, ಅಲ್ಲಿಂದ ಹೆಸರು ಎತ್ತಿದೆ. 140ರ ಹತ್ತಿರ ಹೆಸರಾಯಿತು. ಅದರಲ್ಲಿ ಮೂವತ್ತು ಚಿಲ್ಲರೆ ಲೇಖಕಿಯರನ್ನು ಓದಿದೆ. ನನ್ನ ಲೇಖಕಿ ಸಿಕ್ಕಿದ್ದು ಅವರಲ್ಲೇ. ಕೊಳ್ಳುವಾಗ ಹಸಿರು ಗುರಾಣಿಯ ಚೀಟಿ ಅಂಟಿಸಿದ, ಬೂಟ್ಸ್ ಔಷಧಿ ಅಂಗಡಿಗಳು ಆಗ ನಡೆಸುತ್ತಿದ್ದ ಲೈಬ್ರರಿಯ ಪ್ರತಿಗಳನ್ನೇ ಹುಡುಕುತ್ತಿದ್ದೆ. ಬೆನ್ನಿನ ಮೇಲ್ತುದಿಯಲ್ಲಿ ತೂತು ಇರುವುದರಿಂದ ಸಂಗ್ರಹಕಾರರಿಗೆ ಅವು ಬೇಡ. ಮೂರರಿಂದ ಎಂಟು ಪೌಂಡಿಗೆ ಸಿಗುತ್ತಿದ್ದವು. ಲೈಬ್ರರಿಗೆ ಹೋಗದ ಪ್ರತಿಗಳು ಅಪರೂಪ. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ನಿನ ಪೇಟರ್‌ನಾಸ್ಟರ್ ರೋ ಮೇಲೆ ಬಾಂಬ್ ಬಿದ್ದಾಗ ಪ್ರಕಾಶಕರ ಗೋದಾಮುಗಳಲ್ಲಿ ಸುಮಾರು 50 ಲಕ್ಷ ಪುಸ್ತಕ ಸುಟ್ಟವು.

ದುಡ್ಡು ಕಳೆದುಕೊಂಡದ್ದನ್ನೂ ಹೇಳುತ್ತೇನೆ. ನನ್ನ ಲೇಖಕಿಯ ಎರಡನೇ ಕಾದಂಬರಿಗೆ 85 ಪೌಂಡ್ ಕೊಟ್ಟೆ. ಬಂದ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಮತ್ತೆ ಅಚ್ಚು ಹಾಕಲು ವಾರಸುದಾರರ ಒಪ್ಪಿಗೆ ಬೇಕು. ಅವರನ್ನು ಹುಡುಕುತ್ತಾ ಅದೇ ಹೆಸರಿನ ಇನ್ನೊಬ್ಬ ಹೆಂಗಸಿನ ಹಿಂದೆ ಎಂಟು ತಿಂಗಳು ಅಲೆದೆ. ಹತ್ತು ಹನ್ನೆರಡು ಉಯಿಲು ತರಿಸಿದೆ. ಆಗ ಒಂದಕ್ಕೆ ಒಂದೂವರೆ ಪೌಂಡ್, ಅದೇನೂ ಹೊರೆಯಲ್ಲ. ಆದರೆ ಎರಡು ಸಲ ರೈಲು, ಒಂದು ರಾತ್ರಿ ಹೋಟೆಲು. ಕೊನೆಗೆ ಆ ಮನೆಯವರು ಪತ್ರ ಬರೆದರು: ನಮ್ಮ ಅತ್ತೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಕಾದಂಬರಿ ಓದುತ್ತಲೂ ಇರಲಿಲ್ಲ. ಅವತ್ತು ಫೈಲು ಮುಚ್ಚಿಟ್ಟೆ. ನಾಲ್ಕು ತಿಂಗಳು ತೆಗೆಯಲಿಲ್ಲ.

ಮತ್ತೆ ತೆಗೆಸಿದ್ದು ಅಮ್ಮ. ಫೋನಿನಲ್ಲಿ ಕೊಡಗಿನ ಗೌರಮ್ಮನವರ ಕಥೆಗಳ ಬಗ್ಗೆ ಮಾತಾಡುತ್ತಿದ್ದಳು. ಗೌರಮ್ಮ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಬರೆಯುತ್ತಿದ್ದರಲ್ಲ, ಆ ವಿಷಯ ಬಂತು. “ಆಗಿನ ಹೆಣಮಕ್ಕಳ ಹೆಸರು ಒಂದ ಎಲ್ಲಿರ್ತಿತ್ತವಾ?” ಎಂದಳು. ನಾನು ಮೂರು ವರ್ಷ ಒಂದೇ ಹೆಸರು ಹಿಡಿದುಕೊಂಡು ಕೂತಿದ್ದೆ!

ಅದೇ ರಾತ್ರಿ 1939ರ ರಿಜಿಸ್ಟರ್ ತೆಗೆದೆ. ಯುದ್ಧ ಶುರುವಾದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮನೆಮನೆಯ ಜನರನ್ನು ಬರೆದುಕೊಂಡ ಸರ್ಕಾರಿ ದಾಖಲೆ ಅದು. ಮೊದಲ ಸಲ ಟೈಪಾದ ಪಟ್ಟಿ ಮಾತ್ರ ನೋಡಿ ಬಿಟ್ಟಿದ್ದೆ, ಮೂಲ ಪುಟದ ಚಿತ್ರ ತೆರೆದಿರಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಯುದ್ಧ ಮುಗಿದ ಮೇಲೂ ಆ ಪುಸ್ತಕಗಳು ಬಳಕೆಯಲ್ಲಿದ್ದವು. ಮದುವೆಯಾದವರ ಹಳೆಯ ಹೆಸರು ಹೊಡೆದು, ಬೇರೆ ಶಾಯಿಯಲ್ಲಿ ಹೊಸದನ್ನು ಬರೆದಿರುತ್ತಾರೆ. ನನ್ನ ಲೇಖಕಿಯ ಸಾಲಿನಲ್ಲೂ ಹಾಗೇ ಇತ್ತು. ವಯಸ್ಸು ನಲವತ್ತು ದಾಟಿದ ಮೇಲೆ ಆದ ಮದುವೆ. ಉದ್ಯೋಗದ ಕಡೆ ‘ಸಂಬಳವಿಲ್ಲದ ಮನೆಗೆಲಸ’ ಎಂದಿತ್ತು. ಅಷ್ಟು ಹೊತ್ತಿಗೆ ಆಕೆಯ ಆರೂ ಕಾದಂಬರಿ ಅಚ್ಚಾಗಿದ್ದವು. ಆ ಸಾಲನ್ನು ತುಂಬ ಹೊತ್ತು ನೋಡುತ್ತಾ ಕೂತೆ.

ಅದೇ ಹೆಸರಿನ ನಾಲ್ವರಲ್ಲಿ ಇವರೇ ಅಂತ ಖಚಿತ ಮಾಡಿಕೊಂಡದ್ದು ಹೇಗೆ? ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅರ್ಪಣೆಯ ಪುಟಗಳನ್ನು ಸುಮ್ನೆ ಹಾರಿಸಬೇಡಿ, ಅಷ್ಟು ಹೇಳಬಲ್ಲೆ.

ಹೊಸ ಹೆಸರು ಸಿಕ್ಕ ಮೇಲೆ ಹತ್ತೇ ದಿನದಲ್ಲಿ ಉಯಿಲು ಬಂತು. 1961ರಲ್ಲಿ ತೀರಿಕೊಂಡಿದ್ದಾರೆ, ಎಲ್ಲವೂ ತಂಗಿಯ ಮಗಳಿಗೆ. ಅಲ್ಲಿಂದ ಇನ್ನೆರಡು ಉಯಿಲು ಇಳಿದರೆ ಈಗಿನ ವಾರಸುದಾರರು. ಎಪ್ಪತ್ತು ದಾಟಿದ ಮಹಿಳೆ, ಮೂರನೇ ಪತ್ರಕ್ಕೆ ಫೋನ್ ಮಾಡಿದರು. ದೊಡ್ಡಜ್ಜಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಟೈಪ್ ಮಾಡುತ್ತಿದ್ದದ್ದು ಅವರಿಗೆ ನೆನಪಿದೆ. ಮನೆಯವರೆಲ್ಲ ಅದು ಪತ್ರ ಅಂದುಕೊಂಡಿದ್ದರಂತೆ. ಅಂದರೆ ಮದುವೆಯ ನಂತರವೂ ಬರೆಯುತ್ತಿದ್ದರು. ಆ ಕಾಗದಗಳು ಎಲ್ಲಿ ಎಂಬುದು ನನ್ನ ಮುಂದಿನ ಕೆಲಸ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನನ್ನ ಬಳಿ ಇರುವ ಊರ ಲೈಬ್ರರಿಯ ಪ್ರತಿಯೊಂದರಲ್ಲಿ ತಾರೀಕಿನ ಮುದ್ರೆಗಳ ಚೀಟಿ ಹಾಗೇ ಉಳಿದಿದೆ. ಎಣಿಸಿದೆ, ಎಪ್ಪತ್ತರ ಮೇಲಿವೆ. ಹೆಚ್ಚುಕಮ್ಮಿ ಅರ್ಧ ಯುದ್ಧದ ವರ್ಷಗಳದ್ದು. ಒಂದು ಪ್ರತಿಯಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ವಿಮರ್ಶಕರು ಕೈಬಿಟ್ಟ ಕಾಲದಲ್ಲೂ ಆ ಊರಿನವರು ಈ ಪುಸ್ತಕವನ್ನು ಮನೆಗೆ ಒಯ್ಯುತ್ತಿದ್ದರು.

ಒಟ್ಟು ಖರ್ಚು 1,100 ಪೌಂಡ್ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಮೇಲಾಯಿತು. ಮುನ್ನುಡಿ ಬರೆಯುವುದಕ್ಕೆ ಪ್ರಕಾಶಕರು ಕೊಡುವುದು ಅದರ ಕಾಲು ಭಾಗ. ಮುಂಗಡ ಹಣ ವಾರಸುದಾರರಿಗೆ ಹೋಗುತ್ತದೆ, ಹೋಗಲೇಬೇಕು. ಬ್ರಿಟನ್ನಿನಲ್ಲಿ ಲೇಖಕರು ತೀರಿಕೊಂಡು 70 ವರ್ಷದವರೆಗೆ ಹಕ್ಕು ಇರುತ್ತದೆ, ಅಂದರೆ 2031ರ ಕೊನೆಯವರೆಗೆ. ಭಾರತದಲ್ಲಿ 60 ವರ್ಷ. ಅಲ್ಲಿ 2022ರಿಂದಲೇ ಈ ಪುಸ್ತಕಗಳು ಮುಕ್ತ.

ಹಾಗಾಗಿ ಕನ್ನಡಕ್ಕೆ ತರಲು ಶುರು ಮಾಡಿದ್ದೇನೆ. ಎರಡು ಅಧ್ಯಾಯ ಮುಗಿದಿದೆ. ನಾಯಕಿ ಒಬ್ಬ ಶ್ರೀಮಂತ ಮುದುಕಿಯ ಮನೆಯಲ್ಲಿ ಸಂಬಳಕ್ಕೆ ಇರುವ ‘ಕಂಪ್ಯಾನಿಯನ್’. ಜೊತೆಗಾತಿ ಎಂದರೆ ಸಂಬಳ ಕಾಣಿಸುವುದಿಲ್ಲ. ಕೆಲಸದಾಕೆ ಎಂದರೆ, ಮನೆಯವರ ಪಕ್ಕದಲ್ಲೇ ಊಟಕ್ಕೆ ಕೂರುವ ಅವಳ ಸ್ಥಾನ ಕಾಣಿಸುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಒಳ್ಳೆಯ ಪದ ಹೊಳೆದರೆ ದಯವಿಟ್ಟು ತಿಳಿಸಿ.