ಹಳೇ ಜೀಪು ಕೊಳ್ಳುವ ಮೊದಲು ಅದರ ಕೆಳಗೆ ಮಲಗಿ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ದಾರಿಗೆ ಇವತ್ತಿಗೂ ಹಳೇ ಮಹೀಂದ್ರ ಜೀಪೇ ಬೇಕು. ಈಗ ಪೇಟೆಯವರಿಗೂ ಅದರ ಹುಚ್ಚು ಹತ್ತಿದೆ. ಕೊಳ್ಳಲು ಹೋದವರು ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ, ಟೈರಿಗೆ ಎರಡು ಒದ್ದು ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಮೂರು ತಿಂಗಳಿಗೆ ಅದೇ ಜೀಪು ಗ್ಯಾರೇಜಿನ ಮೂಲೆ ಸೇರಿರುತ್ತದೆ. ಎಂಜಿನ್ ಅನ್ನುವುದು ಜೀಪಿನಲ್ಲಿ ಸುಲಭಕ್ಕೆ ಸರಿಹೋಗುವ ಭಾಗ. ಕೈಕೊಡುವುದು ಕಾಗದಪತ್ರ, ಚಾಸಿ ಮತ್ತು ಮುಂದಿನ ಆಕ್ಸಲ್. ಇದೇ ಕ್ರಮದಲ್ಲಿ ನೋಡಿ. ಕಾಗದ ಸರಿಯಿಲ್ಲದಿದ್ದರೆ ಉಳಿದದ್ದನ್ನು ನೋಡುವ ಕಷ್ಟವೇ ಬೇಡ.

ಒಯ್ಯಬೇಕಾದ್ದು: ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಜಾಕು, ಚಕ್ರಕ್ಕೆ ಅಡ್ಡ ಕೊಡಲು ಆರು ಮರದ ತುಂಡು, ಸೀಮೆಸುಣ್ಣ, ಅಳತೆ ಟೇಪು, ಗಾರೆಯವರ ತೂಗುಗುಂಡು, ಬೆನ್ನಡಿಗೆ ಒಂದು ಗೋಣಿಚೀಲ. ಜೊತೆಗೊಬ್ಬರು ಇರಲೇಬೇಕು. ಮಾರುವವರು ಆ ಕೆಲಸಕ್ಕೆ ಬೇಡ.

1. ಯಾವ ಜೀಪು ಅಂತ ಮೊದಲು ತಿಳಿಯಿರಿ

ಎರಡನೇ ಮಹಾಯುದ್ಧಕ್ಕಾಗಿ 1941ರಿಂದ 1945ರೊಳಗೆ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರಬಿಟ್ಟವು. ಅದೇ ವಿಲ್ಲೀಸ್ ವಂಶವನ್ನು ಮಹೀಂದ್ರ 1940ರ ದಶಕದ ಕೊನೆಯಿಂದ ಇಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಮಾದರಿಯನ್ನು ಇಲ್ಲೇ ತಯಾರಿಸಿತು. ಬಾನೆಟ್ ಎದ್ದು ನಿಂತಂತೆ ಕಾಣುವ ಜೀಪು ಅದೇ. ಅದರ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಇನ್ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. ಆಮೇಲೆ ಡೀಸೆಲ್ ಬಂತು: ಸಿಜೆ 500ಡಿಗೆ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್, 1980ರ ದಶಕದ ಎಂಎಂ 540ಗೆ 2112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ, ಅದರ ನಂತರ ಮಹೀಂದ್ರದ್ದೇ ಎಂಡಿಐ ಎಂಜಿನ್. 3ಬಿಯ ವೀಲ್‌ಬೇಸ್ 80 ಇಂಚು, 540ದು 91. ಟೇಪು ಹಿಡಿದರೆ ಗೊತ್ತಾಗುತ್ತದೆ. ಬಾನೆಟ್ ಬದಿಯ ಹೆಸರನ್ನು ನಂಬಬೇಡಿ, ಅದು ಹತ್ತು ನಿಮಿಷದ ಕೆಲಸ.

ಮೊದಲ ಸಲ ಕೊಳ್ಳುವವರಿಗೆ ಪ್ಯೂಜೋ ಅಥವಾ ಎಂಡಿಐ ಡೀಸೆಲ್ಲೇ ಸರಿ. ಬಿ-275 ಕೂಡ ಗಟ್ಟಿ, ಬಿಡಿಭಾಗ ಟ್ರ್ಯಾಕ್ಟರ್ ಅಂಗಡಿಯಲ್ಲೇ ಸಿಗುತ್ತವೆ, ಆದರೆ ಅದರ ನಡುಕ ಮತ್ತು ಸದ್ದಿಗೆ ಒಗ್ಗಿಕೊಳ್ಳಬೇಕು. ಪೆಟ್ರೋಲ್ 3ಬಿ ಭಾನುವಾರದ ಗಾಡಿ, ದಿನದ ದುಡಿಮೆಗಲ್ಲ. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆಬೇರೆಯಾಗಿ ಏರಿಳಿಯುವಂಥದ್ದು) ಇರುವುದರಿಂದ ಕೆಳಗೆ ಹೇಳುವ ಆಕ್ಸಲ್ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ. ಮಾರುತಿ ಜಿಪ್ಸಿಗೆ ಬಹುಪಾಲು ಹೊಂದುತ್ತದೆ.

ಇನ್ನೊಂದು ವಿಷಯ. ಜೀಪೆಂದರೆ ಫೋರ್‌ವೀಲ್ ಎಂದುಕೊಂಡು ಮೋಸ ಹೋಗುವವರು ಬಹಳ. ಬಗ್ಗಿ ಮುಂದಿನ ಆಕ್ಸಲ್ ನೋಡಿ. ಹಿಂದಿನದರಂತೆ ಅಲ್ಲೂ ಡಿಫರೆನ್ಷಿಯಲ್ಲಿನ (ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ) ದಪ್ಪ ಹೊಟ್ಟೆ ಇರಬೇಕು, ಅದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಬಲ ತರುವ ಉದ್ದ ದಂಡ, ಬಂದು ಸೇರಿರಬೇಕು. ಇಲ್ಲದಿದ್ದರೆ ಅದು ಟೂವೀಲ್ ಡ್ರೈವ್.

2. ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು, ಇಂಧನ, ಸೀಟಿನ ಸಂಖ್ಯೆ ಎಲ್ಲವೂ ಗಾಡಿಗೆ ತಾಳೆಯಾಗಬೇಕು. ಚಾಸಿ ನಂಬರನ್ನು ತಗಡಿನ ಪಟ್ಟಿಯಲ್ಲಿ ನೋಡಿ ಬಿಡಬೇಡಿ, ಫ್ರೇಮಿನ ಮೇಲೆ ಕೊರೆದದ್ದನ್ನು ಉಜ್ಜಿ ಓದಿ. ನಂಬರಿನ ಸುತ್ತ ವೆಲ್ಡಿಂಗ್ ಗೆರೆ ಅಥವಾ ಗ್ರೈಂಡರ್ ಉಜ್ಜಿದ ಗುರುತು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಹರಿಯಾಣ-ಪಂಜಾಬ್ ಗಡಿಯ ಮಂಡಿ ಡಬ್ವಾಲಿ ಹೊಸದಾಗಿ ಜೋಡಿಸಿದ ಜೀಪುಗಳಿಗೆ ಹೆಸರುವಾಸಿ. ನೋಟ ಚೆನ್ನಾಗಿರುತ್ತದೆ, ಆದರೆ ಅಲ್ಲಿಯ ಗಾಡಿಗೆ ಯಾವ ಗಾಡಿಯ ಆರ್‌ಸಿ ಎಂಬ ಪ್ರಶ್ನೆ ನಿಮ್ಮ ಆರ್‌ಟಿಒ ಕೇಳುವ ಮೊದಲು ನೀವೇ ಕೇಳಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿದೆ. ಅನುಮತಿ ಇಲ್ಲದೆ ಬೇರೆ ಎಂಜಿನ್ ಕೂರಿಸಿದ ಜೀಪು ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಹೊತ್ತಿಗೆ ತಲೆನೋವು.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ ಲಘು ವಾಹನಕ್ಕೆ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ ಅದೂ ಇಮ್ಮಡಿಯಾಯಿತು. ಹಸಿರು ತೆರಿಗೆ ಬೇರೆ. ಹೊರರಾಜ್ಯದ್ದಾದರೆ ಎನ್‌ಒಸಿ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ‘ಎಫ್‌ಸಿ ನಾವು ಮಾಡಿಸಿ ಕೊಡ್ತೀವಿ ಸಾರ್’ ಅನ್ನುವ ದಲ್ಲಾಳಿ ಮಾತಿಗೆ, ಮಾಡಿಸಿ ತಂದ ದಿನ ಹಣ ಕೊಡುತ್ತೇನೆ ಅನ್ನಿ.

3. ಚಾಸಿ

ಗೋಣಿಚೀಲ ಹಾಸಿ ಕೆಳಗೆ ಮಲಗಿ. ಹಿಂದಿನ ಕ್ರಾಸ್ ಮೆಂಬರ್, ಕಮಾನು ಪಟ್ಟಿಯ ಹ್ಯಾಂಗರ್ ಕೂರುವ ಜಾಗ, ಬಾಡಿ ಬೋಲ್ಟುಗಳ ಸುತ್ತ, ಸ್ಟಿಯರಿಂಗ್ ಬಾಕ್ಸ್ ಹಿಡಿದಿರುವ ಭಾಗ, ಈ ನಾಲ್ಕು ಕಡೆ ಸುತ್ತಿಗೆಯಿಂದ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಡಬ್ ಎಂದು ಸತ್ತ ಸದ್ದು ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಇಳಿದರೆ ತುಕ್ಕು ಫ್ರೇಮನ್ನು ಒಳಗಿಂದ ತಿಂದಿದೆ ಅಂತ. ಈಗಷ್ಟೇ ಬಳಿದ ದಪ್ಪ ಕಪ್ಪು ಕೋಟಿಂಗು ಕೆಳಗೆಲ್ಲ ಮಿರಮಿರ ಮಿಂಚುತ್ತಿದ್ದರೆ ಅನುಮಾನಪಡಿ. ಮೂವತ್ತು ವರ್ಷದ ಜೀಪಿನ ಹೊಟ್ಟೆ ಹಾಗಿರುವುದಿಲ್ಲ.

ಚಾಸಿ ಸೊಟ್ಟಗಾಗಿದೆಯೇ ಎಂಬ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಹತ್ತೇ ನಿಮಿಷ ಸಾಕು. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಜೀಪು ನಿಲ್ಲಿಸಿ. ಎರಡು ಮುಂದಿನ ಹ್ಯಾಂಗರ್ ಬೋಲ್ಟು, ಎರಡು ಹಿಂದಿನ ಹ್ಯಾಂಗರ್ ಬೋಲ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಜೀಪನ್ನು ಆಚೆ ತಳ್ಳಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಐದಾರು ಮಿಲಿಮೀಟರ್ ವ್ಯತ್ಯಾಸ ಇರಬಹುದು. ಅದಕ್ಕಿಂತ ಹೆಚ್ಚಿದ್ದರೆ ಆ ಜೀಪು ಎಲ್ಲೋ ಬಲವಾಗಿ ಬಿದ್ದೆದ್ದಿದೆ. ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಅಡ್ಡಡ್ಡ ನಡೆಯುತ್ತದೆ.

4. ಮುಂದಿನ ಆಕ್ಸಲ್: ಇಲ್ಲಿ ಒಂದು ಗಂಟೆ ಕಳೆಯಿರಿ

ಜಾಕ್ ಹಾಕುವ ಮೊದಲು ಒಂದು ಎಚ್ಚರಿಕೆ. ಹಳೇ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ-ಹಿಂದಿನ ಆಕ್ಸಲಿಗೆ ಹಂಚುವ ಗೇರ್ ಪೆಟ್ಟಿಗೆಯ) ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಅದು ಗಾಳಿಯಲ್ಲಿ ಉಲ್ಟಾ ತಿರುಗಿ, ನೆಲದ ಮೇಲಿನ ಚಕ್ರ ಉರುಳಲು ಡಿಫರೆನ್ಷಿಯಲ್ ದಾರಿ ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಜೀಪು ಜಾಕಿನಿಂದ ಇಳಿದು ಹೋಗುವುದು ಹೀಗೆ. ಉಳಿದ ಚಕ್ರಗಳಿಗೆ ಎರಡೂ ಬದಿ ಮರದ ತುಂಡು ಕೊಡಿ.

ಈಗ ಮುಂದಿನ ಒಂದು ಚಕ್ರ ಎತ್ತಿ. ಒಂದು ಕೈ ಟೈರಿನ ಮೇಲ್ತುದಿ, ಇನ್ನೊಂದು ಕೆಳತುದಿ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಕಟಕಟ ಆಟ ಸಿಕ್ಕರೆ ಸಹಾಯಕರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಸಡಿಲವಿರುವುದು ವೀಲ್ ಬೇರಿಂಗು, ಸಣ್ಣ ಕೆಲಸ. ಬ್ರೇಕ್ ತುಳಿದಾಗಲೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ) ಬೇರಿಂಗ್ ಹೋಗಿದೆ. ಈ ಒಂದು ಪರೀಕ್ಷೆ ಗೊತ್ತಿಲ್ಲದೆ ಬರೀ ವೀಲ್ ಬೇರಿಂಗ್ ಬದಲಿಸಿ ಕಳಿಸುವ ಗ್ಯಾರೇಜುಗಳೂ ಇವೆ. ಆಮೇಲೆ ಚಕ್ರದ ಎಡ-ಬಲ ಅಂಚು ಹಿಡಿದು ಅಲ್ಲಾಡಿಸಿ. ಆಗ ಸಿಗುವ ಆಟ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಅಥವಾ ಸ್ಟಿಯರಿಂಗ್ ಬಾಕ್ಸಿನದು. ಒಂದೊಂದು ಕೀಲಿನ ಮೇಲೆ ಕೈಯಿಟ್ಟು ನೋಡಿದರೆ ಯಾವುದೆಂದು ಬೆರಳಿಗೇ ತಿಳಿಯುತ್ತದೆ.

ಕಿಂಗ್‌ಪಿನ್ ಸಡಿಲವಾದ ಜೀಪು ನಲವತ್ತು-ಐವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಚಕ್ರಗಳೆರಡೂ ಹುಚ್ಚು ಹಿಡಿದಂತೆ ಒದರತೊಡಗುತ್ತವೆ. ಪೂರ್ತಿ ನಿಲ್ಲಿಸುವ ತನಕ ಬಿಡುವುದಿಲ್ಲ. ಇದಕ್ಕೆ ಪೇಟೆಯ ಸುಲಭದ ಮದ್ದು ಸ್ಟಿಯರಿಂಗ್ ಡ್ಯಾಂಪರ್, ಅಂದರೆ ಸ್ಟಿಯರಿಂಗಿನ ನಡುಕ ತಡೆಯುವ ಶಾಕ್ ಅಬ್ಸಾರ್ಬರ್. ಮೂಲದಲ್ಲಿ ಇಲ್ಲದ ಜೀಪಿಗೆ ಹೊಸ ಡ್ಯಾಂಪರ್ ಕೂತಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದೇ ತಿಳಿಯಿರಿ. ನಿಜವಾದ ರಿಪೇರಿ ಬೇರಿಂಗ್ ಬದಲಿಸಿ, ಕಿಂಗ್‌ಪಿನ್ ಕ್ಯಾಪಿನ ಅಡಿಯ ತೆಳು ಶಿಮ್‌ಗಳನ್ನು ತೆಗೆದು ಬಿಗಿ ಹೊಂದಿಸುವುದು. ಶಿಮ್ ಮೇಲೂ ಕೆಳಗೂ ಸಮನಾಗಿರಬೇಕು. ಮೇಲಿನದನ್ನಷ್ಟೇ ತೆಗೆದರೆ ನಕಲ್ (ಕಿಂಗ್‌ಪಿನ್ ಮೇಲೆ ಹೊರಳುವ, ಚಕ್ರ ಕೂತ ಭಾಗ) ಮೇಲೆ-ಕೆಳಗೆ ಸರಿದು ನಡುಗೆರೆ ತಪ್ಪುತ್ತದೆ, ಒಳಗಿನ ಜಾಯಿಂಟಿಗೂ ಸೀಲಿಗೂ ಪೆಟ್ಟು.

ಇನ್ನು ಸೋರಿಕೆ. ಚಕ್ರದ ಹಿಂದೆ ಕಬ್ಬಿಣದ ಚೆಂಡಿನಂತಹ ಭಾಗ ಕಾಣುತ್ತದಲ್ಲ, ಅದರ ಮೇಲೆ ಫೆಲ್ಟ್ ಸೀಲ್ ಉಜ್ಜಿಕೊಂಡು ತಿರುಗುತ್ತದೆ. ಬಟ್ಟೆಯಿಂದ ಒರೆಸಿ ಉಗುರು ಆಡಿಸಿ. ನುಣ್ಣಗಿದ್ದರೆ ಸೀಲ್ ಬದಲಿಸಿದರಾಯಿತು. ತುಕ್ಕು ತಿಂದು ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಎಂಥ ಸೀಲ್ ಹಾಕಿದರೂ ತಿಂಗಳೊಳಗೆ ಹರಿಯುತ್ತದೆ, ಏಕೆಂದರೆ ಆ ಗುಳಿಗಳೇ ಅರದಂತೆ ಫೆಲ್ಟನ್ನು ಉಜ್ಜುತ್ತವೆ. ಚೆಂಡಿನ ಸುತ್ತ ಸಿಲಿಕೋನ್ ಮೆತ್ತಿ ನಿಲ್ಲಿಸಿದ್ದು ಕಂಡರೆ ಚೌಕಾಸಿ ಅಲ್ಲಿಂದಲೇ ಶುರುಮಾಡಿ. ತೆಳು ಗೇರ್ ಆಯಿಲ್ ಹೊರಬರುತ್ತಿದ್ದರೆ ಒಳಗಿನ ಆಕ್ಸಲ್ ಸೀಲೂ ಹೋಗಿದೆ.

ಕೊನೆಗೆ, ಮುಂದೆ-ಹಿಂದೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ ಗೇರುಗಳ ಅನುಪಾತ ಒಂದೇ ಲೆಕ್ಕದ್ದೇ? ಹತ್ತು ಗಾಡಿಯ ಭಾಗ ಸೇರಿಸಿ ಕಟ್ಟಿದ ಜೀಪುಗಳಲ್ಲಿ ಇದು ತಪ್ಪಿರುತ್ತದೆ, ಟೂವೀಲ್‌ನಲ್ಲಿ ಓಡಿಸುವಷ್ಟು ಕಾಲ ಗೊತ್ತೇ ಆಗುವುದಿಲ್ಲ. ಗೇರ್ ಮತ್ತು ಟ್ರಾನ್ಸ್‌ಫರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ (ಮರದ ತುಂಡು ಮರೆಯಬೇಡಿ). ಒಂದು ಚಕ್ರ ಎತ್ತಿ, ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಶಾಫ್ಟ್ ಎಷ್ಟು ತಿರುಗಿತೋ ಅದೇ ಅನುಪಾತ. ಐದು ಸುತ್ತು ಮುಗಿದು ಮೂರನೇ ಒಂದಕ್ಕಿಂತ ತುಸು ಮುಂದೆ ಹೋದರೆ 5.38, ಐದಕ್ಕೆ ಸ್ವಲ್ಪ ಮುಂಚೆ ನಿಂತರೆ 4.88. ಹಿಂದೆ ಮುಂದೆ ಎರಡೂ ಕಡೆ ಒಂದೇ ಬರಬೇಕು. ಬೇರೆಯಾಗಿದ್ದರೆ ಫೋರ್‌ವೀಲ್ ಹಾಕಿದ ಮರುಕ್ಷಣದಿಂದ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡಿ ಶಾಫ್ಟಿನ ಕೀಲಾದ ಯುಜೆ ಕ್ರಾಸೋ ಟ್ರಾನ್ಸ್‌ಫರ್ ಗೇರೋ ಮುರಿಯುತ್ತದೆ.

5. ಫೋರ್‌ವೀಲ್ ನಿಜವಾಗಿ ಹಿಡಿಯುತ್ತದೆಯೇ

ಟಾರು ರಸ್ತೆಯಲ್ಲಿ ಈ ಪರೀಕ್ಷೆ ಮಾಡಬೇಡಿ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಮಣ್ಣಾದರೆ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಆ ಒತ್ತಡ ಶಾಫ್ಟುಗಳಲ್ಲಿ ಸುತ್ತಿಕೊಂಡು ಲಿವರ್ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದರೆ ಲಿವರ್ ಮೇಲೆ ನೇತಾಡಬೇಡಿ, ಒಂದಷ್ಟು ದೂರ ನೇರ ಹಿಂದಕ್ಕೆ ಓಡಿಸಿ, ಬಿಟ್ಟುಕೊಳ್ಳುತ್ತದೆ.

ಸಡಿಲ ಮಣ್ಣಿನಲ್ಲಿ ನಿಂತು ಫೋರ್‌ವೀಲ್ ಲೋ (ವೇಗ ಕಡಿಮೆ, ಬಲ ಹೆಚ್ಚು) ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಸಹಾಯಕರು ಪಕ್ಕದಲ್ಲಿ ನಿಂತು ಮುಂದಿನ ಚಕ್ರ ಮಣ್ಣು ಕೆರೆಯುತ್ತದೋ ನೋಡಲಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕ್-ಟಕ್ ಬಂದರೆ ಒಳಗಿನ ಜಾಯಿಂಟ್ ಸವೆದಿದೆ. ಚಕ್ರದ ನಡುವೆ ತಿರುಗಿಸುವ ಲಾಕಿಂಗ್ ಹಬ್ ಇದ್ದರೆ ಮೊದಲು ಎರಡೂ ಲಾಕ್ ಮಾಡಿ. ಅದು ಬಿಟ್ಟುಹೋಗಿದ್ದಕ್ಕೇ ‘ಫೋರ್‌ವೀಲ್ ಕೆಲಸ ಮಾಡಲ್ಲ’ ಎಂದು ಅಗ್ಗಕ್ಕೆ ಮಾರಿದವರಿದ್ದಾರೆ.

ಮುಖ್ಯ ಪರೀಕ್ಷೆ ಇಳಿಜಾರಿನದು. ಲೋ, ಎರಡನೇ ಗೇರು, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯಿರಿ. ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಸವೆದಿದೆ. ಮಳೆಗಾಲದ ತೋಟದ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಹೀಗೆ ಮಾಯವಾದರೆ ಉಳಿಯುವುದು ಒದ್ದೆ ಡ್ರಮ್ ಬ್ರೇಕ್ ಮಾತ್ರ. ಲಿವರಿಗೆ ಟ್ಯೂಬಿನ ರಬ್ಬರ್ ಕಟ್ಟಿ ಹಿಡಿಸಿದ್ದು ಕಂಡರೆ ಈ ಪರೀಕ್ಷೆಯನ್ನೂ ಮಾಡಬೇಕಿಲ್ಲ.

6. ಎಂಜಿನ್, ಬ್ರೇಕ್

ಹೋದ ಕೂಡಲೇ ಎಂಜಿನ್ ಮುಟ್ಟಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಆರಿದ ಮೇಲೆ ಬರುತ್ತೇನೆ ಅನ್ನಿ. ಪ್ಯೂಜೋಗೆ ಹೀಟರ್ ಪ್ಲಗ್ ಇದೆ, ಅದು ಕಾಯಲು ಬಿಟ್ಟು ಸೆಲ್ಫ್ ಹೊಡೆಯಿರಿ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದಾಗ ರೈಲಿನಂತೆ ಹೊಗೆ ಬುಸುಗುಟ್ಟಿದರೆ ರಿಂಗ್-ಲೈನರ್ ಕೆಲಸ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ. ಇವೆರಡೂ ಖರ್ಚಿನ ವಿಷಯ, ಬಿಟ್ಟುಬರುವ ಕಾರಣವಲ್ಲ. ಬ್ರೇಕ್ ಒಂದು ಕಡೆ ಎಳೆದರೆ ವೀಲ್ ಸಿಲಿಂಡರ್ ನೋಡಿಸಿ, ಮುಗಿಯಿತು.

31 ಇಂಚಿನ ಟೈರು ಹಾಕಿದ ಜೀಪಿಗೆ ಹೆಚ್ಚು ಬೆಲೆ ಕೊಡಬೇಡಿ. 6.00-16ರ ಕಿರಿದಾದ ಟೈರು ಕೆಸರನ್ನು ಕೊರೆದು ಗಟ್ಟಿ ನೆಲ ಮುಟ್ಟುತ್ತದೆ; ಅಗಲದ್ದು ನಮ್ಮ ಜಿಗುಟು ಮಣ್ಣಿನ ಮೇಲೆ ತೇಲುತ್ತದೆ, ಮೇಲಾಗಿ ಕಿಂಗ್‌ಪಿನ್ನನ್ನೂ ತಿನ್ನುತ್ತದೆ.

7. ಮನೆಗೆ ತಂದ ವಾರ

ಹಿಂದಿನವರು ‘ಮೊನ್ನೆ ಬದಲಿಸಿದ್ದು’ ಅಂದರೂ ಎಲ್ಲ ಆಯಿಲ್ ಇಳಿಸಿ: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್, ಎರಡು ಡಿಫರೆನ್ಷಿಯಲ್, ಸ್ಟಿಯರಿಂಗ್ ಬಾಕ್ಸ್. ಡಿಫರೆನ್ಷಿಯಲ್ಲಿನಿಂದ ಮರದ ಹೊಟ್ಟು ಬೆರೆತ ಅಂಬಲಿಯಂಥದ್ದು ಬಂದರೆ ಆಶ್ಚರ್ಯಪಡಬೇಡಿ, ಗುಂಯ್ ಸದ್ದು ಅಡಗಿಸುವ ಹಳೇ ತಂತ್ರ ಅದು. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಇಪಿ 90 ಹಾಕಿ. ಜಿಎಲ್-5ರ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು. ನಕಲ್ ಒಳಗೆ ಗಟ್ಟಿ ವೀಲ್ ಬೇರಿಂಗ್ ಗ್ರೀಸ್ ತುರುಕಬೇಡಿ. ಅದು ಬದಿಗೆ ಅಂಟಿ ಕೂರುತ್ತದೆ, ತಿರುಗುವ ಜಾಯಿಂಟ್ ಒಣಗುತ್ತದೆ. ತೆಳು ಗ್ರೀಸ್ ಬೇಕು. ಯುಜೆ ಕ್ರಾಸ್ ಬದಲಿಸುವುದಾದರೆ ಗ್ರೀಸ್ ನಿಪ್ಪಲ್ ಇರುವುದನ್ನೇ ಕೇಳಿ ತನ್ನಿ, ಅರ್ಧ ಬೆಲೆಯ ನಕಲಿ ಮಾಲು ಒಂದು ಮಳೆಗಾಲ ಬಾಳುವುದಿಲ್ಲ.

ಒಳಗೆ ಗಾಳಿಯಾಡಲೆಂದು ಆಕ್ಸಲ್ ಹೌಸಿಂಗಿನ ಮೇಲಿರುವ ಸಣ್ಣ ಬ್ರೀದರ್ ತಿರುಪು ಮಣ್ಣಿನಿಂದ ಮುಚ್ಚಿರುತ್ತದೆ. ಅದನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಜಾಗಕ್ಕೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಳ್ಳ ದಾಟಿದ ಮರುದಿನ ಬೆಳಿಗ್ಗೆ, ಗಾಡಿ ಅಲುಗಿಸುವ ಮೊದಲು, ಡಿಫರೆನ್ಷಿಯಲ್ ಕೆಳಗಿನ ಪ್ಲಗ್ಗನ್ನು ಅರ್ಧ ಸಡಿಲಿಸಿ ನೋಡಿ. ನೀರು ಭಾರ, ಆಯಿಲ್‌ಗಿಂತ ಮೊದಲು ಅದೇ ತೊಟ್ಟಿಕ್ಕುತ್ತದೆ.